ಖರ್ಚಾದ ಕಾಂತಕ್ಷೇತ್ರ: ಸೌರಜ್ವಾಲೆಗಳ ರೇಡಿಯೊ ಲೆಕ್ಕ

ಸೌರಜ್ವಾಲೆಗೆ ಶಕ್ತಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಯಾವ ಪಠ್ಯಪುಸ್ತಕ ತೆರೆದರೂ ಸಿಗುವ ಉತ್ತರ ಒಂದೇ: ಸೂರ್ಯನ ಕಾಂತಕ್ಷೇತ್ರದಿಂದ. ಸೂರ್ಯಕಲೆಗಳ ಮೇಲೆ ಎದ್ದುನಿಂತ ಬಲರೇಖೆಗಳು ತಿರುಚಿಕೊಂಡು ಬಿಗಿಯಾಗುತ್ತವೆ, ಒಂದು ಹಂತದಲ್ಲಿ ಕಡಿದು ಬೇರೆ ರೀತಿಯಲ್ಲಿ ಕೂಡಿಕೊಳ್ಳುತ್ತವೆ. ಆಗ ಬಿಡುಗಡೆಯಾದ ಶಕ್ತಿ ಕೆಲವೇ ನಿಮಿಷಗಳಲ್ಲಿ ಪ್ಲಾಸ್ಮಾವನ್ನು ಕೋಟಿಗಟ್ಟಲೆ ಡಿಗ್ರಿಗೆ ಕಾಯಿಸಿ, ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಸನಿಹಕ್ಕೆ ಅಟ್ಟುತ್ತದೆ. ಉತ್ತರ ಸರಿಯಾಗಿಯೇ ಇದೆ. ಆದರೆ ಬಹುಕಾಲ ಅದು ಅಳೆದು ಕಂಡುಕೊಂಡ ಉತ್ತರವಾಗಿರಲಿಲ್ಲ, ಬೇರೆ ಗತಿಯಿಲ್ಲದೆ ಒಪ್ಪಿಕೊಂಡ ಉತ್ತರವಾಗಿತ್ತು. ದೊಡ್ಡ ಜ್ವಾಲೆಯೊಂದು 10ರ ಘಾತ 25 ಜೂಲ್‌ನಷ್ಟು ಶಕ್ತಿಯನ್ನು ಹೊರಚೆಲ್ಲುತ್ತದೆ. ಅದು ಹುಟ್ಟುವ ಕರೋನಾದಲ್ಲಿ, ಅಂದರೆ ಸೂರ್ಯನ ತೆಳ್ಳನೆಯ ಹೊರ ವಾತಾವರಣದಲ್ಲಿ, ಅಷ್ಟು ಶಾಖವಿಲ್ಲ, ಅಷ್ಟು ಚಲನೆಯಿಲ್ಲ, ಗುರುತ್ವದಿಂದಲೂ ಅಷ್ಟು ಗಿಟ್ಟುವುದಿಲ್ಲ. ಒಂದೊಂದನ್ನೇ ತಳ್ಳಿಹಾಕುತ್ತ ಬಂದರೆ ಉಳಿಯುವುದು ಕಾಂತಕ್ಷೇತ್ರವೊಂದೇ. ತರ್ಕ ಗಟ್ಟಿ, ನಿಜ. ಆದರೆ ಜ್ವಾಲೆ ಉರಿಯುತ್ತಿರುವಾಗಲೇ ಆ ಜಾಗದ ಕಾಂತಕ್ಷೇತ್ರ ಇಷ್ಟಿತ್ತು, ಇಷ್ಟಕ್ಕಿಳಿಯಿತು, ಇಳಿದ ಮೊತ್ತ ಖರ್ಚಿಗೆ ತಾಳೆಯಾಯಿತು ಎಂದು ಯಾರೂ ತೋರಿಸಿರಲಿಲ್ಲ. ಆ ತಾಳೆಯನ್ನು ಸಾಧ್ಯವಾಗಿಸಿದ್ದು ದೃಗ್ಗೋಚರ ಬೆಳಕಲ್ಲ, ಎಕ್ಸ್-ಕಿರಣವೂ ಅಲ್ಲ, ರೇಡಿಯೊ ಅಲೆ ಎಂಬುದು ಈ ಉಪನ್ಯಾಸದ ವಾದ. ಸೌರವಿಜ್ಞಾನದ ಪಂಕ್ತಿಯಲ್ಲಿ ರೇಡಿಯೊ ವೀಕ್ಷಣೆಗೆ ಇಂದಿಗೂ ಕೊನೆಯ ಎಲೆಯೇ ಸಿಗುತ್ತಿರುವುದರಿಂದ ಈ ವಾದವನ್ನು ತುಸು ವಿಸ್ತಾರವಾಗಿಯೇ ಹೂಡಬೇಕಾಗಿದೆ.

ಮೊದಲು, ಅಳತೆ ಇಷ್ಟು ತಡವಾದದ್ದೇಕೆ ಎಂಬುದನ್ನು ನೋಡೋಣ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಮತ್ತು ರಿಚರ್ಡ್ ಹಾಡ್ಜ್‌ಸನ್ ಬೇರೆಬೇರೆಯಾಗಿ ಒಂದೇ ಜ್ವಾಲೆಯನ್ನು ಕಂಡರು. ಅಲ್ಲಿಂದ ಅರ್ಧ ಶತಮಾನದ ತನಕ ಅದಕ್ಕೂ ಕಾಂತಕ್ಷೇತ್ರಕ್ಕೂ ಇರುವ ನಂಟು ಊಹೆಯಾಗಿಯೇ ಉಳಿಯಿತು. 1908ರಲ್ಲಿ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಜಾರ್ಜ್ ಎಲರಿ ಹೇಲ್ ಸೂರ್ಯಕಲೆಗಳ ಬೆಳಕನ್ನು ಬಿಡಿಸಿ ನೋಡಿದರು. ಕಾಂತಕ್ಷೇತ್ರದೊಳಗಿರುವ ಪರಮಾಣುವಿನ ರೋಹಿತ ರೇಖೆ ಸೀಳಿಕೊಳ್ಳುತ್ತದೆ, ಸೀಳಿನ ಅಗಲ ಕ್ಷೇತ್ರದ ಬಲಕ್ಕೆ ತಕ್ಕಷ್ಟಿರುತ್ತದೆ ಎಂದು ಪೀಟರ್ ಝೀಮನ್ ಅದಾಗಲೇ ತೋರಿಸಿದ್ದರು. ಆ ಸೀಳು ಕಲೆಗಳ ಬೆಳಕಿನಲ್ಲಿ ಕಂಡಿತು. ಕಲೆಗಳಲ್ಲಿ ಕ್ಷೇತ್ರ ಸುಮಾರು 3,000 ಗಾಸ್‌ನಷ್ಟಿತ್ತು. ಭೂಮಿಯ ಕ್ಷೇತ್ರವಾದರೋ ಅರ್ಧ ಗಾಸ್‌ನ ಆಸುಪಾಸಿನದು. ಸೂರ್ಯನ ಕಾಂತಕ್ಷೇತ್ರವನ್ನು ಅಳೆಯುವ ವಿದ್ಯೆ ಅಲ್ಲಿಂದ ಇಲ್ಲಿಯವರೆಗೂ ಬಹುಪಾಲು ಇದೇ ದಾರಿಯಲ್ಲಿ ಬೆಳೆದು ಬಂದಿದೆ. ಆದರೆ ಹೇಲ್ ಅಳೆದದ್ದು ದ್ಯುತಿಗೋಳವನ್ನು, ಅಂದರೆ ನಮ್ಮ ಕಣ್ಣಿಗೆ ಬೀಳುವ ಸೂರ್ಯನ ಮೈಯನ್ನು. ಜ್ವಾಲೆಯ ಮೂಲ ಇರುವುದು ಅದರ ಮೇಲೆ ಸಾವಿರಾರು, ಕೆಲವೊಮ್ಮೆ ಹತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಕ್ಷೇತ್ರ ದುರ್ಬಲವಾಗುತ್ತದೆ, ಸೀಳು ಕಿರಿದಾಗುತ್ತದೆ. ಹತ್ತಿಪ್ಪತ್ತು ಲಕ್ಷ ಡಿಗ್ರಿಯ ಬಿಸಿಯಲ್ಲಿ ರೋಹಿತ ರೇಖೆಗಳು ಹರಡಿಕೊಂಡು ಆ ಕಿರಿದಾದ ಸೀಳನ್ನೂ ಮುಚ್ಚಿಬಿಡುತ್ತವೆ. ಸಾಲದ್ದಕ್ಕೆ ಕರೋನಾದ ಬೆಳಕೇ ಮಂಕು, ಪಕ್ಕದಲ್ಲಿ ಸೂರ್ಯಬಿಂಬದ ಪ್ರಖರತೆ ಬೇರೆ. ಹೀಗಾಗಿ ವಿಜ್ಞಾನಿಗಳು ಕೆಳಗಿನ ಅಳತೆಯಿಂದ ಮೇಲಿನದನ್ನು ಗಣಿತದ ಮೂಲಕ ಕಟ್ಟುವ ದಾರಿ ಹಿಡಿದರು. ಆ ಗಣಿತಕ್ಕೆ ಒಂದು ಆಧಾರ ಬೇಕು: ಮೇಲಿನ ಕ್ಷೇತ್ರ ಸಮತೋಲದಲ್ಲಿದೆ, ವಿದ್ಯುತ್ ಪ್ರವಾಹಗಳು ಬಲರೇಖೆಗಳ ಗುಂಟವೇ ಹರಿಯುತ್ತಿವೆ ಎಂಬ ನಂಬಿಕೆ. ಜ್ವಾಲೆಗೆ ಮುಂಚಿನ ಶಾಂತ ಗಂಟೆಗಳಿಗೆ ಅದು ಸಲ್ಲುತ್ತದೆ. ಜ್ವಾಲೆಯೆಂದರೇ ಆ ಸಮತೋಲ ಮುರಿದು ಬೀಳುವುದು. ಯಾವ ಘಳಿಗೆಯ ಅಳತೆ ನಮಗೆ ಬೇಕೋ ಆ ಘಳಿಗೆಯಲ್ಲೇ ಈ ವಿಧಾನ ಕೈಕೊಡುತ್ತದೆ.

ಇನ್ನೊಂದು ದಾರಿ ತೆರೆದುಕೊಂಡದ್ದು ಯುದ್ಧದ ಗದ್ದಲದಲ್ಲಿ. 1942ರ ಫೆಬ್ರವರಿಯಲ್ಲಿ ಜರ್ಮನಿಯ ಯುದ್ಧನೌಕೆಗಳು ಬ್ರಿಟಿಷ್ ರಾಡಾರ್‌ಗಳನ್ನು ಗಲಿಬಿಲಿಗೊಳಿಸಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿಹೋದವು. ರಾಡಾರ್‌ಗಳಿಗೆ ಒದಗುವ ತೊಡಕುಗಳನ್ನು ಪತ್ತೆಹಚ್ಚುವ ಹೊಣೆ ಜೆ. ಎಸ್. ಹೇ ಎಂಬ ಭೌತವಿಜ್ಞಾನಿಯ ಮೇಲಿತ್ತು. ಅದೇ ತಿಂಗಳ ಕೊನೆಯಲ್ಲಿ, 4ರಿಂದ 8 ಮೀಟರ್ ತರಂಗಾಂತರದ ಸೇನಾ ರಾಡಾರ್‌ಗಳು ಹಗಲಿಡೀ ಗೊರಗೊರ ಸದ್ದಿನಲ್ಲಿ ಮುಳುಗಿದಾಗ, ಎಲ್ಲರೂ ಬೊಟ್ಟುಮಾಡಿದ್ದು ಶತ್ರುವಿನ ಕಡೆಗೆ. ಬೇರೆಬೇರೆ ಠಾಣೆಗಳು ಕಳಿಸಿದ ದಿಕ್ಕುಗಳನ್ನು ಹೇ ಒಟ್ಟಿಗಿಟ್ಟು ನೋಡಿದರು. ಸದ್ದಿನ ಮೂಲ ಸೂರ್ಯನ ಜತೆಜತೆಗೇ ಆಕಾಶದಲ್ಲಿ ಸರಿಯುತ್ತಿತ್ತು. ಗ್ರೀನಿಚ್ ವೀಕ್ಷಣಾಲಯವನ್ನು ವಿಚಾರಿಸಿದರೆ, ಆ ದಿನಗಳಲ್ಲಿ ಸೂರ್ಯಬಿಂಬದ ನಡುಭಾಗದಲ್ಲಿ ದೊಡ್ಡದೊಂದು ಕಲೆಗುಂಪು ಇದೆಯೆಂದು ತಿಳಿಯಿತು. ಸೇನಾ ರಹಸ್ಯವಾದ್ದರಿಂದ ಈ ಸಂಗತಿ 1946ರ ತನಕ ಅಚ್ಚಾಗಲಿಲ್ಲ. ಅದೇ ಹೊತ್ತಿಗೆ ಸಿಡ್ನಿಯ ಡೋವರ್ ಹೈಟ್ಸ್ ಎಂಬ ಕಡಲ ಬಂಡೆಯ ಮೇಲೆ ರೂಬಿ ಪೇನ್-ಸ್ಕಾಟ್, ಜೋಸೆಫ್ ಪಾಸೆ ಮತ್ತು ಲಿಂಡ್ಸೆ ಮೆಕ್‌ಕ್ರೆಡಿ, ನೇರವಾಗಿ ಬಂದ ಅಲೆಯನ್ನೂ ಕಡಲ ನೀರಿನಿಂದ ಪ್ರತಿಫಲಿಸಿ ಬಂದ ಅಲೆಯನ್ನೂ ಕೂಡಿಸಿ, ಒಂದೇ ಆಂಟೆನಾವನ್ನು ಎರಡಾಗಿ ದುಡಿಸಿಕೊಂಡರು. ರೇಡಿಯೊ ಸದ್ದು ಇಡೀ ಸೂರ್ಯನಿಂದಲ್ಲ, ಕಲೆಗಳಿರುವ ಜಾಗದಿಂದಲೇ ಬರುತ್ತಿದೆ ಎಂಬುದು ಅಲ್ಲಿ ಖಚಿತವಾಯಿತು. ಕಲೆಯೆಂದರೆ ಕಾಂತಕ್ಷೇತ್ರವೆಂದು ಹೇಲ್ ಕಾಲದಿಂದಲೇ ಗೊತ್ತಿತ್ತು. ರೇಡಿಯೊ ಅಲೆ ಆ ಕ್ಷೇತ್ರದ ಸುದ್ದಿಯನ್ನು ಹೊತ್ತು ತರುತ್ತಿದೆಯೇ ಎಂಬ ಪ್ರಶ್ನೆಗೆ ಉತ್ತರ ಸಿದ್ಧಾಂತದ ಕಡೆಯಿಂದ ಬರಬೇಕಿತ್ತು.

ಆ ಸಿದ್ಧಾಂತದ ತಿರುಳು ಸರಳ. ಎಲೆಕ್ಟ್ರಾನೊಂದು ಕಾಂತಕ್ಷೇತ್ರಕ್ಕೆ ಸಿಕ್ಕಿದರೆ ಬಲರೇಖೆಯನ್ನು ಸುತ್ತತೊಡಗುತ್ತದೆ. ಎಷ್ಟು ಬಾರಿ ಸುತ್ತುತ್ತದೆ ಎಂಬುದನ್ನು ನಿರ್ಧರಿಸುವುದು ಕ್ಷೇತ್ರದ ಬಲ: ಒಂದು ಗಾಸ್‌ಗೆ ಸೆಕೆಂಡಿಗೆ 28 ಲಕ್ಷ ಸುತ್ತು, ಅಂದರೆ 2.8 ಮೆಗಾಹರ್ಟ್ಸ್. ಸುತ್ತುವ ಎಲೆಕ್ಟ್ರಾನು ಈ ಕಂಪನಾಂಕದಲ್ಲೂ ಅದರ ಗುಣಕಗಳಲ್ಲೂ ರೇಡಿಯೊ ಅಲೆ ಹೊರಡಿಸುತ್ತದೆ. ಸಾಮಾನ್ಯ ಬಿಸಿಯ ಎಲೆಕ್ಟ್ರಾನುಗಳಾದರೆ ಎರಡನೆಯ, ಮೂರನೆಯ ಗುಣಕದಾಚೆಗೆ ಹೆಚ್ಚೇನೂ ಇರುವುದಿಲ್ಲ. ಆಗ ಲೆಕ್ಕ ಬಾಯಿಲೆಕ್ಕದಷ್ಟು ಸುಲಭ. ಜಪಾನಿನ ನೊಬೆಯಾಮಾ ರೇಡಿಯೊಹೀಲಿಯೊಗ್ರಾಫ್ 2017ರ ಸೆಪ್ಟೆಂಬರ್‌ನಲ್ಲಿ 12673 ಎಂಬ ಸಂಖ್ಯೆಯ ಕ್ರಿಯಾಶೀಲ ಪ್ರದೇಶದ ಮೇಲೆ 34 ಗಿಗಾಹರ್ಟ್ಸ್‌ನಲ್ಲಿ ಇಂಥ ಹೊಳಪನ್ನು ಕಂಡಿತು. ಅದು ಮೂರನೆಯ ಗುಣಕವಾದರೆ ಕರೋನಾದ ತಳದಲ್ಲಿ ಕ್ಷೇತ್ರ ಸುಮಾರು 4,000 ಗಾಸ್ ಇರಲೇಬೇಕು. ಕರೋನಾದಲ್ಲಿ ಅಷ್ಟು ಬಲದ ಕ್ಷೇತ್ರ ಅದಕ್ಕೆ ಹಿಂದೆ ಅಳತೆಗೆ ಸಿಕ್ಕಿರಲಿಲ್ಲ. ಜ್ವಾಲೆಯ ಹೊತ್ತಿನಲ್ಲಾದರೆ ವಿಷಯ ಹೀಗೆ ಸಲೀಸಲ್ಲ. ಅಲ್ಲಿ ವೇಗೋತ್ಕರ್ಷಗೊಂಡ ಎಲೆಕ್ಟ್ರಾನುಗಳು ಹತ್ತನೆಯ ಗುಣಕದಿಂದ ನೂರನೆಯದರವರೆಗೂ ಸದ್ದು ಮಾಡುತ್ತವೆ. ಗುಣಕಗಳೆಲ್ಲ ಒಂದರೊಳಗೊಂದು ಬೆರೆತು ಅಗಲವಾದ ರೋಹಿತವಾಗುತ್ತದೆ. ಕಡಿಮೆ ಕಂಪನಾಂಕದಿಂದ ಏರುತ್ತ ಹೋಗಿ, ಸಾಮಾನ್ಯವಾಗಿ 5ರಿಂದ 10 ಗಿಗಾಹರ್ಟ್ಸ್‌ನ ಸುತ್ತಮುತ್ತ ನೆತ್ತಿ ಮುಟ್ಟಿ, ಆಮೇಲೆ ಇಳಿಯುತ್ತದೆ. ಇಳಿಜಾರು ಎಷ್ಟು ಕಡಿದಾಗಿದೆ ಎಂಬುದು ಎಲೆಕ್ಟ್ರಾನುಗಳ ಶಕ್ತಿ ಹೇಗೆ ಹಂಚಿಕೆಯಾಗಿದೆ ಎಂದು ಹೇಳುತ್ತದೆ. ನೆತ್ತಿಯ ಜಾಗ ಮತ್ತು ಎತ್ತರದಲ್ಲಿ ಕ್ಷೇತ್ರದ ಬಲ, ಎಲೆಕ್ಟ್ರಾನುಗಳ ಸಂಖ್ಯೆ, ನಾವು ನೋಡುತ್ತಿರುವ ಕೋನ ಎಲ್ಲವೂ ಸೇರಿಕೊಂಡಿವೆ. ಒಂದೆರಡು ಕಂಪನಾಂಕಗಳಲ್ಲಿ ಮಾತ್ರ ನೋಡಿದರೆ ಈ ಗಂಟು ಬಿಚ್ಚುವುದಿಲ್ಲ. ಹತ್ತಾರು ಕಂಪನಾಂಕಗಳಲ್ಲಿ ಏಕಕಾಲಕ್ಕೆ, ಅದೂ ಜ್ವಾಲೆಯ ಒಂದೊಂದು ಭಾಗಕ್ಕೂ ಪ್ರತ್ಯೇಕವಾಗಿ ರೋಹಿತ ದೊರೆತರೆ ಮಾತ್ರ ಬಿಚ್ಚುತ್ತದೆ. ಈ ಭೌತಶಾಸ್ತ್ರ 1980ರ ದಶಕಕ್ಕಾಗಲೇ ಸಿದ್ಧವಿತ್ತು. ಕೊರತೆಯಿದ್ದದ್ದು ಸಾಧನದ್ದು.

ಆ ಸಾಧನ ಬಂದದ್ದು ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆಯಲ್ಲಿ. ನ್ಯೂಜೆರ್ಸಿ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಅಲ್ಲಿ ನಡೆಸುವ ವಿಸ್ತರಿತ ಸೌರ ಆಂಟೆನಾ ವ್ಯೂಹದಲ್ಲಿ 2017ರಲ್ಲಿ ಸೂರ್ಯನನ್ನು ನೋಡುತ್ತಿದ್ದದ್ದು 2.1 ಮೀಟರ್ ವ್ಯಾಸದ 13 ಡಿಶ್‌ಗಳು. ನೋಡಿದರೆ ಇದೇನು ಮಹಾ ಎನಿಸುವಷ್ಟು ಚಿಕ್ಕವು. ಸೂರ್ಯ ರೇಡಿಯೊದಲ್ಲಿ ಸಾಕಷ್ಟು ಪ್ರಬಲನಾದ್ದರಿಂದ ದೈತ್ಯ ಡಿಶ್ ಬೇಕಾಗುವುದಿಲ್ಲ. ಬೇಕಾದದ್ದು ಕಂಪನಾಂಕಗಳ ಮೇಲಿನ ಹಿಡಿತ. 2017ರ ಸೆಪ್ಟೆಂಬರ್ 10ರಂದು, ಅದೇ 12673 ಪ್ರದೇಶ ಸೂರ್ಯನ ಪಶ್ಚಿಮ ಅಂಚಿಗೆ ಸರಿದು ಕಣ್ಮರೆಯಾಗುವ ಹೊತ್ತಿಗೆ, ಎಕ್ಸ್ 8.2 ದರ್ಜೆಯ ಜ್ವಾಲೆ ಸಿಡಿಯಿತು. ಕ್ಯಾಲಿಫೋರ್ನಿಯಾದಲ್ಲಿ ಆಗ ಬೆಳಗಿನ ಒಂಬತ್ತು, ಭಾರತದಲ್ಲಿ ರಾತ್ರಿ ಒಂಬತ್ತೂವರೆ. ಓವೆನ್ಸ್ ಕಣಿವೆಯ ಡಿಶ್‌ಗಳು 2.5ರಿಂದ 18 ಗಿಗಾಹರ್ಟ್ಸ್‌ವರೆಗೆ ಪ್ರತಿ ಸೆಕೆಂಡಿಗೂ ಒಂದು ರೋಹಿತ ದಾಖಲಿಸುತ್ತಿದ್ದವು. ಜ್ವಾಲೆ ಅಂಚಿನಲ್ಲಿದ್ದುದು ಅದೃಷ್ಟ. ಮೇಲಿನಿಂದ ನೋಡಿದಾಗ ಒಂದರ ಮೇಲೊಂದು ಬೀಳುವ ಪದರಗಳು ಇಲ್ಲಿ ಪಕ್ಕದಿಂದ, ಎತ್ತರಕ್ಕೆ ತಕ್ಕಂತೆ ಬಿಡಿಬಿಡಿಯಾಗಿ ಕಂಡವು. ಕೆಳಗೆ ಹೊಳೆಯುವ ಕಮಾನು, ಅದರ ನೆತ್ತಿಯಲ್ಲಿ ಚೂಪಾದ ಮೊನೆ, ಮೊನೆಯ ಮೇಲೆ ತೆಳ್ಳನೆಯ ಉದ್ದ ಹಾಳೆ. ಕಾಂತೀಯ ಮರುಜೋಡಣೆಯ ಸಿದ್ಧಾಂತದವರು 1960ರ ದಶಕದಿಂದ ಕಾಗದದ ಮೇಲೆ ಬಿಡಿಸುತ್ತ ಬಂದ ಚಿತ್ರವೇ ಇದು. ಗ್ರೆಗರಿ ಫ್ಲೈಶ್‌ಮನ್, ಡೇಲ್ ಗ್ಯಾರಿ ಮತ್ತು ಸಂಗಡಿಗರು ಚಿತ್ರದ ಪ್ರತಿ ಚೌಕಕ್ಕೂ ಒಂದೊಂದು ರೋಹಿತ ತೆಗೆದು, ಒಂದೊಂದಕ್ಕೂ ಸಿದ್ಧಾಂತದ ವಕ್ರರೇಖೆಯನ್ನು ಹೊಂದಿಸಿ, ಕಾಂತಕ್ಷೇತ್ರದ ನಕ್ಷೆಯನ್ನೇ ಬರೆದರು. ಒಂದೇ ನಕ್ಷೆಯಲ್ಲ, ಕಾಲ ಸರಿದಂತೆ ಸರಿಯುವ ನಕ್ಷೆಗಳ ಸರಣಿ. 2020ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಫಲಿತಾಂಶವಿದು: ಮೊನೆಯ ಪ್ರದೇಶದಲ್ಲಿ ಸುಮಾರು 900 ಗಾಸ್ ಇದ್ದ ಕ್ಷೇತ್ರ ಸೆಕೆಂಡಿಗೆ ಸುಮಾರು 5 ಗಾಸ್‌ನಂತೆ ಕುಸಿಯುತ್ತ, ಎರಡು ನಿಮಿಷದಲ್ಲಿ 250 ಗಾಸ್‌ಗೆ ಬಂದು ನಿಂತಿತು.

ಈ ಎರಡು ಸಂಖ್ಯೆಗಳ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಲೆಕ್ಕವೆಲ್ಲ ಇರುವುದು ಇಲ್ಲೇ. ಕಾಂತಕ್ಷೇತ್ರದಲ್ಲಿ ಅಡಗಿದ ಶಕ್ತಿ ಕ್ಷೇತ್ರದ ವರ್ಗಕ್ಕೆ ಅನುಗುಣ. 900 ಹೋಗಿ 250 ಆದರೆ ಕ್ಷೇತ್ರ ಇಳಿದದ್ದು ಮುಕ್ಕಾಲು ಪಾಲಿಗಿಂತ ಕಡಿಮೆ, ಶಕ್ತಿ ಇಳಿದದ್ದು ನೂರಕ್ಕೆ 92ರಷ್ಟು. ಒಂದು ಘನಮೀಟರ್ ಜಾಗದಿಂದ ಹೋದ ಶಕ್ತಿ ಸುಮಾರು 3,000 ಜೂಲ್. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲೂ ಅದು ಸಾಲದು. ಇಷ್ಟು ಕ್ಷುಲ್ಲಕ ಮೊತ್ತದಿಂದ ಸೌರಜ್ವಾಲೆಯೇ ಎಂದು ಯಾರಾದರೂ ಹುಬ್ಬೇರಿಸಿದರೆ ತಪ್ಪಲ್ಲ. ಆದರೆ ಸೂರ್ಯನಲ್ಲಿ ಜಾಗಕ್ಕೇನು ಬರವೇ? 10ರ ಘಾತ 25 ಜೂಲ್ ಒಟ್ಟಾಗಲು ಬೇಕಾದದ್ದು ಬದಿಯೊಂದು ಸುಮಾರು 15,000 ಕಿಲೋಮೀಟರ್ ಇರುವ ಘನ, ಭೂಮಿಯ ವ್ಯಾಸಕ್ಕಿಂತ ತುಸು ಹೆಚ್ಚು. ದೊಡ್ಡ ಜ್ವಾಲೆಯ ಕಮಾನುಗಳ ಅಳತೆಗೆ ಇದು ಚೆನ್ನಾಗಿ ಹೊಂದುತ್ತದೆ. ಇಲ್ಲಿಗೆ ಖರ್ಚಿನ ಪಟ್ಟಿಗೆ ಎದುರಾಗಿ ಜಮೆಯ ಪಟ್ಟಿಯೂ ಸಿಕ್ಕಂತಾಯಿತು. ಇನ್ನೂ ಒಂದು ಲಾಭವಿದೆ. ಕಾಂತಕ್ಷೇತ್ರ ಬದಲಾದಲ್ಲಿ ವಿದ್ಯುತ್ ಕ್ಷೇತ್ರ ಹುಟ್ಟಲೇಬೇಕೆಂಬುದು ಫ್ಯಾರಡೆ ಕಾಲದ ನಿಯಮ. ಇಷ್ಟು ವೇಗದ ಕುಸಿತದಿಂದ ಹುಟ್ಟುವ ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನುಗಳನ್ನು ಓಡಿಸುವಷ್ಟು ಬಲವಾದದ್ದು. ಶಕ್ತಿ ಹೋಯಿತು ಎಂಬುದಷ್ಟೇ ಅಲ್ಲ, ಯಾವ ಕೈಯಿಂದ ಯಾವ ಕೈಗೆ ಹೋಯಿತು ಎಂಬುದರ ಸುಳಿವೂ ಅದೇ ಅಳತೆಯಲ್ಲಿದೆ.

ಆಕ್ಷೇಪಗಳಿಲ್ಲದಿಲ್ಲ. ಮೊದಲನೆಯದು, ಎಲ್ಲಕ್ಕಿಂತ ತೂಕದ್ದು: ಇದು ಅಳತೆಯೇ ಅಲ್ಲ, ಮಾದರಿಯೊಂದನ್ನು ರೋಹಿತಕ್ಕೆ ಹೊಂದಿಸಿ ಪಡೆದ ಅಂದಾಜು. ಬೇರೆ ಕ್ಷೇತ್ರ, ಬೇರೆ ಸಾಂದ್ರತೆ, ಬೇರೆ ಕೋನ ಸೇರಿಯೂ ಅದೇ ವಕ್ರರೇಖೆ ಬರಬಹುದಲ್ಲ? ಬರಬಹುದು. ಆದರೆ ಹಾಗೆ ನೋಡಿದರೆ ಝೀಮನ್ ಸೀಳಿನಿಂದ ಕ್ಷೇತ್ರವನ್ನು ತೆಗೆಯುವುದೂ ವಾತಾವರಣದ ಮಾದರಿಯೊಂದರ ಮೂಲಕವೇ. ಮಾದರಿಯಿಲ್ಲದ ಅಳತೆ ಖಗೋಳವಿಜ್ಞಾನದಲ್ಲಿ ಅಪರೂಪ. ಮುಖ್ಯವಾದ ಉತ್ತರ ಬೇರೆ ಇದೆ. ನಕ್ಷೆಯ ಪ್ರತಿ ಚೌಕವನ್ನೂ ಪ್ರತಿ ಕ್ಷಣವನ್ನೂ ಪಕ್ಕದ್ದರ ಪರಿವೆಯಿಲ್ಲದೆ, ಸ್ವತಂತ್ರವಾಗಿ ಹೊಂದಿಸಲಾಗಿತ್ತು. ಉತ್ತರಗಳು ಬರಿಯ ಗಣಿತದ ಆಟವಾಗಿದ್ದರೆ ಪಕ್ಕಪಕ್ಕದ ಚೌಕಗಳಲ್ಲಿ ಸಂಖ್ಯೆಗಳು ಎರ್ರಾಬಿರ್ರಿ ಚದುರಬೇಕಿತ್ತು. ಹಾಗಾಗದೆ ಅವು ಜಾಗದಿಂದ ಜಾಗಕ್ಕೂ ಕ್ಷಣದಿಂದ ಕ್ಷಣಕ್ಕೂ ನಯವಾಗಿ ಸಾಗಿದವು. ಎರಡನೆಯ ಆಕ್ಷೇಪ: ಕ್ಷೇತ್ರ ಕುಸಿಯಲಿಲ್ಲ, ಬಲವಾದ ಕ್ಷೇತ್ರವಿದ್ದ ಪ್ಲಾಸ್ಮಾ ಬೇರೆಡೆ ಸರಿದುಹೋಗಿ ದುರ್ಬಲವಾದದ್ದು ಅಲ್ಲಿಗೆ ಬಂದಿತು ಎನ್ನಬಾರದೇಕೆ? ಹಾಗೆ ಬರಿದೇ ಜಾಗ ಬದಲಾಗಿದ್ದರೆ ಕಳೆದದ್ದು ಪಕ್ಕದಲ್ಲೆಲ್ಲೋ ಕಾಣಿಸಬೇಕಿತ್ತು. ಕುಸಿತವಾದರೋ ಒಂದೆರಡು ಚೌಕಗಳಲ್ಲಲ್ಲ, ಮೊನೆಯ ಪ್ರದೇಶದ ಉದ್ದಗಲಕ್ಕೂ ಕಂಡಿತು. ಮೂರನೆಯದನ್ನು ಒಪ್ಪಲೇಬೇಕು: ಇದು ಒಂದು ಜ್ವಾಲೆಯ ಕಥೆ, ಅದೂ ಅಂಚಿನಲ್ಲಿ ಅನುಕೂಲವಾಗಿ ನಿಂತ ಜ್ವಾಲೆ. 10 ಗಿಗಾಹರ್ಟ್ಸ್‌ನಲ್ಲಿ ಈ ವ್ಯೂಹದ ಕಣ್ಣಿಗೆ ಬಿಡಿಬಿಡಿಯಾಗಿ ಕಾಣುವ ಅತಿ ಸಣ್ಣ ಭಾಗವೇ ಹಲವು ಸಾವಿರ ಕಿಲೋಮೀಟರ್ ಅಗಲದ್ದು, ಅದರೊಳಗೆ ನಡೆದದ್ದೆಲ್ಲ ಸರಾಸರಿಯಲ್ಲಿ ಕರಗಿಹೋಗುತ್ತದೆ. ಒಂದು ಜ್ವಾಲೆಯಲ್ಲಿ ಹೀಗಾಯಿತು ಎಂಬುದರಿಂದ ಎಲ್ಲ ಜ್ವಾಲೆಗಳಲ್ಲೂ ಹೀಗೆಯೇ ಎಂಬ ನಿಯಮ ಹುಟ್ಟುವುದಿಲ್ಲ. ಕಾಂತಕ್ಷೇತ್ರದ ಕುಸಿತ ದೊಡ್ಡ ಜ್ವಾಲೆಯನ್ನು ಉರಿಸಲು ಸಾಕು ಎಂಬುದು ಮಾತ್ರ ಇನ್ನು ಊಹೆಯಲ್ಲ.

ದೃಗ್ಗೋಚರ ಬೆಳಕಿನ ಪಕ್ಷದವರು ಬೇರೊಂದು ಮಾತು ಹೇಳಬಹುದು: ಹವಾಯಿಯ ಹಲೇಅಕಲಾ ಶಿಖರದ ಮೇಲೆ 4 ಮೀಟರ್ ವ್ಯಾಸದ ಡೇನಿಯಲ್ ಇನೋಯೆ ಸೌರ ದೂರದರ್ಶಕ ಬಂದಿದೆ, 1,074.7 ನ್ಯಾನೊಮೀಟರ್‌ನ ಕಬ್ಬಿಣದ ಅವಕೆಂಪು ರೇಖೆಯಲ್ಲಿ ಕರೋನಾದ ಝೀಮನ್ ಸೀಳನ್ನೇ ಹಿಡಿದಿದೆ, ಇನ್ನು ರೇಡಿಯೊದ ಹಂಗೇಕೆ? ಆದಿತ್ಯ-ಎಲ್1 ನೌಕೆಯಲ್ಲಿ ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯ ತನ್ನ ಆವರಣದಲ್ಲಿ ಜೋಡಿಸಿ ಕಳಿಸಿದ ಕರೋನಾಗ್ರಾಫ್ ಕೂಡ ಇದೇ ರೇಖೆಯ ಧ್ರುವೀಕರಣವನ್ನು ನೋಡಲೆಂದು ರಚನೆಯಾದದ್ದು. ಇವೆಲ್ಲ ದೊಡ್ಡ ಸಾಧನೆಗಳೇ. ಆದರೆ ಆ ಸೀಳು ಎಷ್ಟು ಕ್ಷೀಣವೆಂದರೆ, ಅದನ್ನು ಗದ್ದಲದಿಂದ ಬೇರ್ಪಡಿಸಲು ಬಹಳ ಹೊತ್ತಿನ ಬೆಳಕನ್ನು ಕೂಡಿಹಾಕಬೇಕು. ಶಾಂತ ಕರೋನಾಕ್ಕೆ ಅದು ಸರಿ. ಎರಡು ನಿಮಿಷದಲ್ಲಿ ಮುಗಿದುಹೋಗುವ ಕುಸಿತವನ್ನು ಸೆಕೆಂಡು ಸೆಕೆಂಡಿಗೆ ಹಿಂಬಾಲಿಸಲು ಆಗದು. ಆ ಅವಕೆಂಪು ರೇಖೆ ಹೊಮ್ಮುವುದು ಹದಿನೈದಿಪ್ಪತ್ತು ಲಕ್ಷ ಡಿಗ್ರಿಯ ಪ್ಲಾಸ್ಮಾದಿಂದ, ಜ್ವಾಲೆಯ ಕೋಟಿಗಟ್ಟಲೆ ಡಿಗ್ರಿಯಲ್ಲಿ ಅದು ಕೆಲಸಕ್ಕೆ ಬಾರದು. ದ್ಯುತಿಗೋಳದ ಕಾಂತನಕ್ಷೆಗಳ ಪಾಡು ಇನ್ನೂ ಕಷ್ಟ. ಅಂಚಿನ ಜ್ವಾಲೆಯ ಕೆಳಗಿನ ಮೈ ನಮಗೆ ಓರೆಯಾಗುವುದರಿಂದ ಅಲ್ಲಿ ನಂಬಬಹುದಾದ ನಕ್ಷೆಯೇ ಸಿಗುವುದಿಲ್ಲ. ರೇಡಿಯೊದಲ್ಲಿ ಹೊರಬೀಳುವ ಶಕ್ತಿ ಜ್ವಾಲೆಯ ಒಟ್ಟು ಶಕ್ತಿಯ ಅತ್ಯಲ್ಪ ಭಾಗ ಎಂಬ ಹಳೆಯ ಟೀಕೆಯೂ ಉಂಟು. ಶಕ್ತಿಯ ಪಾಲಿಗೂ ಸುದ್ದಿಯ ಪಾಲಿಗೂ ಯಾವ ಸಂಬಂಧವೂ ಇಲ್ಲ ಎಂದಷ್ಟೇ ಅದಕ್ಕೆ ಉತ್ತರ.

ಅಳತೆ ಬಂದ ಮೇಲೆ ಹೊಸ ತಕರಾರುಗಳೂ ಹುಟ್ಟಿಕೊಂಡವು, ಒಳ್ಳೆಯ ಅಳತೆಯ ಲಕ್ಷಣವೇ ಅದು. ಬಿನ್ ಚೆನ್ ಮತ್ತು ಸಂಗಡಿಗರು ಅದೇ ಜ್ವಾಲೆಯ ಉದ್ದ ಹಾಳೆಯ ಗುಂಟ ಕ್ಷೇತ್ರವನ್ನು ಅಳೆದಾಗ, ಬಲರೇಖೆಗಳು ಮರುಜೋಡಣೆಯಾಗುವ ಬಿಂದುವಿನಲ್ಲಿ ವೇಗದ ಎಲೆಕ್ಟ್ರಾನುಗಳು ಕಿಕ್ಕಿರಿದಿರುತ್ತವೆ ಎಂಬ ನಿರೀಕ್ಷೆ ಹುಸಿಯಾಯಿತು. ಅವುಗಳ ಬಹುಪಾಲು ಕೆಳಗೆ, ಕಮಾನುಗಳ ನೆತ್ತಿಯ ಮೇಲೆ, ಕ್ಷೇತ್ರ ಅತಿ ದುರ್ಬಲವಾಗಿರುವ ಜಾಗದಲ್ಲಿ ಸೆರೆಯಾಗಿದ್ದವು. 2022ರಲ್ಲಿ ಫ್ಲೈಶ್‌ಮನ್ ತಂಡ ಇನ್ನೂ ಬೆರಗಿನ ಸಂಗತಿಯನ್ನು ಮುಂದಿಟ್ಟಿತು: ಕುಸಿತ ನಡೆದ ಆ ವಿಶಾಲ ಪ್ರದೇಶದಲ್ಲಿ ವೇಗೋತ್ಕರ್ಷಗೊಂಡದ್ದು ಕೆಲವು ಎಲೆಕ್ಟ್ರಾನುಗಳಲ್ಲ, ಹೆಚ್ಚುಕಡಿಮೆ ಎಲ್ಲವೂ. ಹಳೆಯ ಚಿತ್ರದಲ್ಲಿ ವೇಗದ ಎಲೆಕ್ಟ್ರಾನು ಅಪವಾದ, ನಿಧಾನದ್ದು ನಿಯಮ. ಇಲ್ಲಿ ನಿಯಮವೇ ಮಾಯ. ಹಾಗಾದರೆ ಅಲ್ಲಿಂದ ಕೆಳಗಿಳಿದು ಹೋದ ಎಲೆಕ್ಟ್ರಾನುಗಳ ಜಾಗ ತುಂಬಲು ಹೊಸವು ಎಲ್ಲಿಂದ, ಎಷ್ಟು ಬೇಗ ಬರುತ್ತವೆ? ಎಕ್ಸ್-ಕಿರಣದ ಲೆಕ್ಕದವರನ್ನು ಬಹುಕಾಲದಿಂದ ಕಾಡುತ್ತ ಬಂದ ಈ ಪ್ರಶ್ನೆ ಈಗ ಇನ್ನಷ್ಟು ಮೊನಚಾಗಿದೆ.

ಕರ್ನಾಟಕಕ್ಕೆ ಈ ಕಥೆಯಲ್ಲಿ ಪಾತ್ರವಿಲ್ಲದಿಲ್ಲ. ಬೆಂಗಳೂರಿನ ಉತ್ತರಕ್ಕೆ ಸುಮಾರು ನೂರು ಕಿಲೋಮೀಟರ್ ದೂರದ ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆಯ ರೇಡಿಯೊಹೀಲಿಯೊಗ್ರಾಫ್ 1997ರಿಂದ ಸೂರ್ಯನನ್ನು ನೋಡುತ್ತಿದೆ. ಅಲ್ಲಿರುವುದು ಡಿಶ್‌ಗಳಲ್ಲ. ಬಯಲಿನಲ್ಲಿ ಸಾಲಾಗಿ ನಿಂತ ಚೌಕಟ್ಟುಗಳು, ಒಂದೊಂದರಲ್ಲೂ ಉದ್ದದಿಂದ ಗಿಡ್ಡಕ್ಕೆ ಇಳಿಯುತ್ತ ಹೋಗುವ ಲೋಹದ ಕಡ್ಡಿಗಳು. ಒಂದೊಂದು ಉದ್ದದ ಕಡ್ಡಿ ಒಂದೊಂದು ತರಂಗಾಂತರಕ್ಕೆ. ಅವು ಕೇಳುವುದು 40ರಿಂದ 120 ಮೆಗಾಹರ್ಟ್ಸ್‌ನ ಆಚೀಚೆ, ಅಂದರೆ ಜ್ವಾಲೆಯ ಒಡಲಿನಿಂದ ಬಹಳ ಮೇಲಿನ, ಸೂರ್ಯನ ಮೈಯಿಂದ ಹೆಚ್ಚುಕಡಿಮೆ ಅರ್ಧ ತ್ರಿಜ್ಯದಿಂದ ಒಂದು ತ್ರಿಜ್ಯದಷ್ಟು ಎತ್ತರದ ಕರೋನಾವನ್ನು. ಅಲ್ಲಿಂದ ಬರುವ ಸ್ಫೋಟಗಳ ವೃತ್ತೀಯ ಧ್ರುವೀಕರಣವನ್ನು ಅಳೆದು ಆ ಎತ್ತರದ ಕ್ಷೇತ್ರ ಕೆಲವೇ ಗಾಸ್ ಎಂದು ಅಂದಾಜಿಸುವ ಕೆಲಸ ಗೌರಿಬಿದನೂರಿನಲ್ಲಿ ಎರಡು ದಶಕಗಳಲ್ಲಿ ಹದವಾಗಿ ಬೆಳೆದಿದೆ. ಇಲ್ಲಿ ಪಳಗಿದ ಎಂಜಿನಿಯರುಗಳಿದ್ದಾರೆ, ಅನೇಕ ಆಂಟೆನಾಗಳ ಸಂಕೇತಗಳನ್ನು ಕೂಡಿಸಿ ಚಿತ್ರ ಮಾಡುವ ವಿದ್ಯೆಯಿದೆ. ಇಲ್ಲದಿರುವುದು ಗಿಗಾಹರ್ಟ್ಸ್ ಪಟ್ಟಿಯಲ್ಲಿ ಸೂರ್ಯನಿಗೆಂದೇ ಮೀಸಲಾದ ವ್ಯೂಹ. ನೊಬೆಯಾಮಾ 2020ರಲ್ಲಿ ಮುಚ್ಚಿತು. ಪೂರ್ವದ ಹಗಲನ್ನು ಈಗ ಕಾಯುತ್ತಿರುವುದು ಚೀನಾದ ಒಳಮಂಗೋಲಿಯ ಮತ್ತು ರಷ್ಯಾದ ಸೈಬೀರಿಯದ ವ್ಯೂಹಗಳು. ಅವಿರುವಾಗ ನಮಗೇಕೆ, ಆದಿತ್ಯ-ಎಲ್1 ಹೇಗೂ ಹಾರಿದೆಯಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ಬಾಹ್ಯಾಕಾಶ ನೌಕೆಯೊಂದರ ವೆಚ್ಚದ ಮುಂದೆ ಎರಡು ಮೀಟರ್ ಡಿಶ್‌ಗಳ ವ್ಯೂಹ ಅಗ್ಗದ ಬಾಬು, ಕೆಟ್ಟರೆ ಏಣಿ ಹಾಕಿ ರಿಪೇರಿ ಮಾಡಬಹುದು. ಆದಿತ್ಯದ ಮೇಲೆ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರ ತಯಾರಿಸಿದ ಹೆಲಿಯೊಸ್ ಎಂಬ ಕಠಿಣ ಎಕ್ಸ್-ಕಿರಣ ಸಾಧನವಿದೆ. ಜ್ವಾಲೆಯ ಎಲೆಕ್ಟ್ರಾನುಗಳು ಸೂರ್ಯನ ಒತ್ತಾದ ಅನಿಲಕ್ಕೆ ಬಡಿದಾಗ ಏಳುವ ಕಿರಣಗಳು ಅದಕ್ಕೆ ಸಿಗುತ್ತವೆ, ಅವುಗಳ ಶಕ್ತಿಯ ಹಂಚಿಕೆಯೂ ತಿಳಿಯುತ್ತದೆ. ಅವೇ ಎಲೆಕ್ಟ್ರಾನುಗಳು ಬಡಿಯುವುದಕ್ಕೆ ಮುಂಚೆ ಎಷ್ಟು ಗಾಸ್‌ನ ಕ್ಷೇತ್ರದಲ್ಲಿ ಸುತ್ತುತ್ತಿದ್ದವು, ಆ ಕ್ಷೇತ್ರ ಯಾವ ವೇಗದಲ್ಲಿ ಕುಸಿಯಿತು ಎಂಬುದನ್ನು ಹೆಲಿಯೊಸ್ ಹೇಳಲಾರದು. ಆ ಅಳತೆಗೆ ಅದೇ ಹೊತ್ತಿನ ಹಗಲಿನಲ್ಲಿ, ನೆಲದ ಮೇಲೆ, 1ರಿಂದ 18 ಗಿಗಾಹರ್ಟ್ಸ್‌ವರೆಗೆ ಕಿವಿಗೊಟ್ಟ ಆಂಟೆನಾಗಳೇ ಬೇಕು.